ಮೋರಿಗೆ ಹಾಸಿದ ಕಬ್ಬಿಣ

ಜನವರಿ ೧೨

ಕಡ್ಡಿ,

ಇಲ್ಲಿ ನಾನು ಕ್ಷೇಮ, ನಿನ್ನಮ್ಮ ಕ್ಷೇಮ, ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾದರೂ ನಿನ್ನಪ್ಪನೂ ಕ್ಷೇಮ. ಕ್ಷೇಮವಿಲ್ಲದ್ದು ದೋಣಿ ಒಂದೇ. ಅದನ್ನು ನಿನ್ನೆ ನಿಮ್ಮ ಹಿತ್ತಲಿನಿಂದ ನನ್ನ ಶೆಡ್ಡಿಗೆ ಎಳೆದು ತಂದೆ.

'ಮಾವ, ಇದು ನಿಮ್ಮಿಂದಲೇ ಆಗಬೇಕು' ಎಂದು ಸರ್ವೆ ಕ್ಯಾಂಪಿನಿಂದ ಬರೆದೆಯಲ್ಲ, ಆ ಸಾಲನ್ನು ಶೆಡ್ಡಿಗೆ ಬಂದವರಿಗೆಲ್ಲ ಓದಿ ಹೇಳಿದ್ದೇನೆ. ಕೇಳಿಸಿಕೊಳ್ಳದವರಿಗೆ ಎರಡು ಸಲ.

ನಿನ್ನಪ್ಪನ ಒಪ್ಪಿಗೆ ಸಿಕ್ಕಿದ್ದು ಹೀಗೆ. ಅವರು ಊರುಗೋಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ಅವರು ಅಕ್ಕನಿಗೆ, "ದೋಣಿ ಒಯ್ಯೋರಿಗೆ ಟಾರ್ಪಾಲು ಹರಿಬೇಡಿ ಅಂತ ಹೇಳು" ಅಂದರು. ಅಕ್ಕ ನನ್ನ ಕಡೆ ತಿರುಗಿ ಅದನ್ನೇ ಹೇಳಿದಳು. ನಾನು, "ಹರಿಯಲ್ಲ ಅಂತ ಹೇಳಕ್ಕ" ಅಂದೆ. ಅವಳು, "ನಾನೇನು ನಿಮ್ಮಿಬ್ಬರ ಟಪಾಲಿನವಳಾ?" ಎಂದು ಬೈದು ಒಳಗೆ ಹೋದಳು.

ದೋಣಿಯ ಸ್ಥಿತಿ ಹೇಳುತ್ತೇನೆ, ಗಾಬರಿಯಾಗಬೇಡ. ಹತ್ತೊಂಬತ್ತಡಿ ಉದ್ದದ ಫೈಬರ್ ಮೈ ಗಟ್ಟಿಯಾಗಿದೆ. ಮೇಲಿನ ಅಟ್ಟ ಮಾತ್ರ ಹಾಯಿಕಂಬದ ಬುಡದಲ್ಲಿ ಹೆಜ್ಜೆ ಇಟ್ಟರೆ ಹಾಸಿಗೆಯ ಹಾಗೆ ಒಳಗೆ ಹೋಗುತ್ತದೆ. ಫೈಬರಿನ ಒಳಗಿನ ಮರ ನೀರು ಕುಡಿದು ಕೊಳೆತಿದೆ. ಹಾಯಿಯನ್ನು ಇಲಿಗಳು ಓದಿ ಮುಗಿಸಿವೆ. ಟ್ರೇಲರಿನ ಒಂದು ಚಕ್ರ ತಿರುಗುತ್ತದೆ, ಇನ್ನೊಂದು ಯೋಚನೆ ಮಾಡುತ್ತಿದೆ. ಮೂವತ್ತೆರಡು ವರ್ಷ ಲಾರಿ ಬಾಡಿ ಕಟ್ಟಿದವನಿಗೆ ಇದೆಲ್ಲ ಊಟವಾದ ಮೇಲಿನ ಕೆಲಸ.

ಟ್ರೇಲರಿನ ಕೊಂಡಿಯನ್ನೂ ಹೊಸದು ಹಾಕುತ್ತೇನೆ. ಆವತ್ತು ಇಳಿಜಾರಿನಲ್ಲಿ ಟ್ರೇಲರು ನನ್ನ ವ್ಯಾನಿನಿಂದ ಕಳಚಿಕೊಂಡು, ದೋಣಿಸಮೇತ ತಾನೇ ಓಡಿ ಗೋಡೆಗೆ ಗುದ್ದಿ ಚುಕ್ಕಾಣಿ ಮುರಿದದ್ದು ಹಳೆಯ ಕೊಂಡಿ ಸವೆದದ್ದರಿಂದ ತಾನೆ. ಆ ಮಾತನ್ನು ನಾಲ್ಕು ಜನರ ಎದುರು ಹೇಳಿದೆ ಅಂತ ನಿನ್ನಪ್ಪನಿಗೆ ಈ ಕೋಪ. ಗಡಿಯಾರ ರಿಪೇರಿಯವರು ನೋಡು. ತಮ್ಮ ವಸ್ತು ಸವೆಯಿತು ಅಂದರೆ ತಮ್ಮ ಮೂಗೇ ಸವೆಯಿತು ಅಂದುಕೊಳ್ಳುತ್ತಾರೆ.

ನಿನ್ನ ಮಾವ,
ಏಳನೇ ಕ್ಲಾಸು ಪಾಸು


ಜನವರಿ ೨೮

ಮಾವ,

ಜೀಪು ಗುರುವಾರ ಮಾತ್ರ ಬರುತ್ತದೆ, ಟಪಾಲೂ ಅದರಲ್ಲೇ. ಆದ್ದರಿಂದ ನನ್ನ ಉತ್ತರ ತಡ ಅಂತ ಕೂಗಬೇಡಿ.

ರಜೆಗೆ ಅರ್ಜಿ ಕೊಟ್ಟಿದ್ದೇನೆ. ಏಪ್ರಿಲ್ ಇಪ್ಪತ್ತರಿಂದ ಹತ್ತು ದಿನ. ಅದಕ್ಕಿಂತ ಮುಂಚೆ ಇಲ್ಲಿ ಅಳತೆ ಮುಗಿಯುವುದಿಲ್ಲ. ಅದು ಕಳೆದರೆ ಹಿನ್ನೀರು ಇಳಿದು ದೋಣಿ ಇಳಿಸುವ ಕಟ್ಟೆಯೇ ಕೆಸರಿನಲ್ಲಿ ನಿಲ್ಲುತ್ತದೆ. ಮುಂದಿನ ವರ್ಷ ನೋಡೋಣ ಅನ್ನಬೇಡಿ. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಎಡಗೈ ವಾಚಿನ ಹಿಂದಿನ ಮುಚ್ಚಳ ಹಿಡಿಯುವಷ್ಟೂ ಇಲ್ಲ. ಕಾಲಿಗೆ ಈಗ ಊರುಗೋಲು ಸಾಕು. ಮುಂದಿನ ವರ್ಷದ ಮಾತು ಡಾಕ್ಟರೂ ಆಡಲಿಲ್ಲ. 'ಇಬ್ಬರು ಗಟ್ಟಿಮುಟ್ಟಾದವರು ಜೊತೆಗಿದ್ದರೆ ಹೋಗಿ ಬರಲಿ' ಅಂದಿದ್ದಾರೆ, ಅಷ್ಟೇ. ಒಬ್ಬಳು ನಾನು. ಇನ್ನೊಬ್ಬರು ನೀವು. ಐದು ದಿನ, ಹಿನ್ನೀರಿನ ಆ ತುದಿಯವರೆಗೆ ಹೋಗಿ ಬರುವುದು, ಮಲಗುವುದು ದೋಣಿಯಲ್ಲೇ.

ಅಟ್ಟದ ಕೊಳೆತ ಮರ ಎಷ್ಟು ದೂರ ಹೋಗಿದೆ ಎಂದು ಸುತ್ತಿಗೆ ಹಿಡಿಯಿಂದ ತಟ್ಟಿ, ಸದ್ದು ಬದಲಾದಲ್ಲಿ ಗೆರೆ ಎಳೆಯಿರಿ. ಗೆರೆಯ ಆಚೆ ಒಂದು ಗೇಣು ಬಿಟ್ಟು ಕತ್ತರಿಸಿ. ಹಾಯಿಕಂಬದ ತಂತಿಹಗ್ಗಗಳನ್ನು ಬೆರಳಿನಿಂದ ಸವರಬೇಡಿ, ಬಟ್ಟೆಯಿಂದ ಸವರಿ. ಬಟ್ಟೆ ಸಿಕ್ಕಿಕೊಂಡ ಹಗ್ಗ ಹೊಸದಾಗಬೇಕು. ಗೊತ್ತಾಗದ್ದು ಏನಿದ್ದರೂ ಅಪ್ಪನನ್ನು ಕೇಳಿ. ಎರಡು ಮನೆ ಆಚೆ ಇದ್ದಾರೆ, ಎರಡು ದೇಶದಾಚೆ ಅಲ್ಲ.

ಕೊಂಡಿಯ ವಿಷಯ ಮಾತ್ರ ಅವರ ಹತ್ತಿರ ಎತ್ತಬೇಡಿ. ಅದರಲ್ಲಿ ನಿಮ್ಮ ಪರವಾಗಿ ನಾನು ಆಗಲೇ ಮಾತಾಡಿ ಮುಗಿಸಿದ್ದೇನೆ.

ಮೂವರಿಗೂ ತೇಲುವ ಜಾಕೀಟು ತರುತ್ತೇನೆ. ನಿಮ್ಮ ಎದೆಯ ಅಳತೆ ಬರೆಯಿರಿ. ನಿಜವಾದದ್ದು.

ಕಡ್ಡಿ


ಫೆಬ್ರವರಿ ೧೪

ಕಡ್ಡಿ,

ನೀನು ಬರೆದ ಹಾಗೆಯೇ ತಟ್ಟಿ, ಗೆರೆ ಎಳೆದು, ಕತ್ತರಿಸಿದೆ. ನೀನು ಹೇಳದಿದ್ದರೂ ಹಾಗೆಯೇ ಮಾಡುತ್ತಿದ್ದೆ, ಆದರೆ ಹೇಳಿದ್ದೀಯಲ್ಲ, ಇರಲಿ. ಒಳಗಿನ ಮರ ನೆನೆದ ರೊಟ್ಟಿಯ ಹಾಗೆ ಕೈಗೆ ಬಂತು. ಹೊಸ ಪ್ಲೈವುಡ್ಡು ಕೂರಿಸಿ, ಮೇಲೆ ಮೂರು ಪದರ ಫೈಬರ್ ಬಟ್ಟೆ ಹಾಸಿ ರೆಸಿನ್ ಎರೆದೆ. ಈಗ ಅದರ ಮೇಲೆ ನಾನು ಕುಣಿದೆ. ದೋಣಿ ಅಲುಗಲಿಲ್ಲ, ಶೆಡ್ಡಿನ ಗೋಡೆಯ ಕ್ಯಾಲೆಂಡರು ಬಿತ್ತು.

ಹಾಯಿಯನ್ನು ಟಾರ್ಪಾಲು ಹೊಲಿಯುವವನ ಹತ್ತಿರ ಕೊಟ್ಟು ಹನ್ನೊಂದು ತೇಪೆ ಹಾಕಿಸಿದೆ. ತಂತಿಹಗ್ಗದಲ್ಲಿ ಮೂರಕ್ಕೆ ಬಟ್ಟೆ ಸಿಕ್ಕಿಕೊಂಡಿತು, ಮೂರೂ ಹೊಸದು. ಮುರಿದ ಚುಕ್ಕಾಣಿಗೂ ಹೊಸ ಹಲಗೆ ಕೂರಿಸಿದೆ. ಚಕ್ರಗಳೆರಡೂ ತಿರುಗುತ್ತಿವೆ. ಹಿಂಭಾಗಕ್ಕೆ ಕೆಂಪು ಹಳದಿ ಅಂಚು ಕೊಟ್ಟು 'ಅಂತರವಿರಲಿ' ಎಂದು ಬರೆದಿದ್ದೇನೆ. ನೀರಿನ ಮೇಲೂ ಕುರುಡರು ಇರುತ್ತಾರೆ.

ಈಗ ದೊಡ್ಡ ಸುದ್ದಿ ಕೇಳು. ಈ ದೋಣಿ ಕಟ್ಟಿದವನು ಎಂಥ ಪುಣ್ಯಾತ್ಮ ಅಂದರೆ, ಹೊಟ್ಟೆಯ ನಟ್ಟನಡುವೆ ಎರಡು ಬೆರಳು ಅಗಲ, ನಾಲ್ಕಡಿ ಉದ್ದದ ಸೀಳು ಬಿಟ್ಟಿದ್ದಾನೆ. ತೂತಿರುವ ದೋಣಿಯನ್ನು ಮಾರಿದ್ದಾನೆ, ನಿನ್ನಪ್ಪ ಕೊಂಡಿದ್ದಾರೆ, ಇಷ್ಟು ವರ್ಷ ಇಬ್ಬರಿಗೂ ಹೊಳೆದಿಲ್ಲ. ಸೀಳಿನ ಮೇಲೆ ಒಳಗಡೆ ಒಂದು ಕಿರಿದಾದ ಪೆಟ್ಟಿಗೆ, ಅದರೊಳಗೆ ಎಮ್ಮೆಯ ಕಿವಿಯ ಆಕಾರದ ದಪ್ಪ ಕಬ್ಬಿಣ, ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ತೂಕಕ್ಕೆ ಇಟ್ಟಿದ್ದಾರೆ ಅಂತ ಕಾಣುತ್ತದೆ. ತೂಕ ಬೇಕಾದರೆ ನಾಲ್ಕು ಮರಳಿನ ಚೀಲ ಇಡೋಣ. ನಾನು ಅದರ ಪಿನ್ನು ಕೊಯ್ದು, ಕಬ್ಬಿಣವನ್ನು ಇಬ್ಬರು ಸೇರಿ ಹೊರಗೆ ತೆಗೆದು, ಸೀಳನ್ನು ಪ್ಲೈವುಡ್ಡು ರೆಸಿನ್ನಿನಿಂದ ಮುಚ್ಚಿ, ಪಿನ್ನಿನ ತೂತುಗಳನ್ನೂ ತುಂಬಿ, ಉಜ್ಜಿ, ಬಣ್ಣ ಹೊಡೆದೆ. ಒಳಗೆ ಎಂಟು ಕೊಡ ನೀರು ಸುರಿದು ಅಡಿಯಲ್ಲಿ ಒಣ ಪೇಪರು ಹಾಸಿ ಅರ್ಧ ದಿನ ಬಿಟ್ಟೆ. ಪೇಪರು ಹಾಗೇ ಇತ್ತು, ಓದಿದೆ.

ಆ ಕಬ್ಬಿಣವೂ ದಂಡವಾಗಲಿಲ್ಲ. ಶೆಡ್ಡಿನ ಮುಂದಿನ ಮೋರಿಗೆ ಹಾಸಿದ್ದೇನೆ. ಸ್ಕೂಟರ್ ಹೋಗುತ್ತದೆ. ನಿನ್ನಪ್ಪನೂ ಈಚೆಗೆ ಬೆಳಗಿನ ನಡಿಗೆಗೆ ಈ ದಾರಿಯನ್ನೇ ಹಿಡಿದಿದ್ದಾರೆ. ಅದರ ತುದಿಯಲ್ಲಿ ಒಂದು ತೂತಿದೆ. ದಿನವೂ ಊರುಗೋಲಿನ ಮೊನೆಯನ್ನು ಆ ತೂತಿನಲ್ಲಿ ಊರಿ, ನನ್ನ ಶೆಡ್ಡಿನ ಕಡೆ ನೋಡುತ್ತ ಒಂದು ಗಳಿಗೆ ನಿಲ್ಲುತ್ತಾರೆ. ಪಾಪ, ದಣಿವು.

ಗೊತ್ತಾಗದ್ದು ಕೇಳು ಅಂದಿದ್ದೆ. ಗೊತ್ತಾಗದ್ದು ಇದ್ದರೆ ತಾನೆ ಕೇಳುವುದು? ನನಗೆ ಜಾಕೀಟು ಬೇಡ. ನೀರಿಗೆ ಬಿದ್ದರೆ ನಾನು ಮೊಸಳೆ.

ನಿನ್ನ ಮಾವ,
ಏಳನೇ ಕ್ಲಾಸು ಪಾಸು, ಲೆಕ್ಕದಲ್ಲಿ ಮೊದಲಿಗ


ಫೆಬ್ರವರಿ ೨೬

ಮಾವ,

ಕೈಯಲ್ಲಿರುವ ಬ್ರಷ್ಷನ್ನು ಕೆಳಗಿಟ್ಟು ಇದನ್ನು ಓದಿ.

ಆ ಕಬ್ಬಿಣ ತೂಕಕ್ಕೆ ಇಟ್ಟದ್ದಲ್ಲ. ಅದು ದೋಣಿಯ ಕಾಲು. ನೀರಿಗೆ ಇಳಿದ ಮೇಲೆ ಹಗ್ಗ ಸಡಿಲಿಸಿದರೆ ಅದು ಸೀಳಿನ ಮೂಲಕ ಕೆಳಗೆ ಇಳಿದು ನಿಲ್ಲುತ್ತದೆ. ಗಾಳಿ ಪಕ್ಕದಿಂದ ಹಾಯಿಗೆ ಹೊಡೆದಾಗ ದೋಣಿ ಏಡಿಯ ಹಾಗೆ ಅಡ್ಡ ಹೋಗದಂತೆ, ಮಗುಚದಂತೆ ತಡೆಯುವುದು ಅದೇ. ನೀರು ಆಳವಿಲ್ಲದ ಕಡೆ, ಟ್ರೇಲರಿಗೆ ಹತ್ತಿಸುವಾಗ, ಅದನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಸೀಳಿನ ಸುತ್ತ ಪೆಟ್ಟಿಗೆ ಇರುವುದು ಒಳಗೆ ನೀರು ಬರದಿರಲಿ ಎಂದೇ. ನೀವು ಮುಚ್ಚಿದ್ದು ತೂತನ್ನಲ್ಲ. ಆ ದೋಣಿಯಲ್ಲಿ ಈಗ ಅಪ್ಪನನ್ನು ಕೂರಿಸಿ ಹಾಯಿ ಬಿಚ್ಚಿದರೆ ಮೊದಲ ಗಾಳಿಗೇ ಮೂವರೂ ನೀರಲ್ಲಿ.

ನಿಮ್ಮ ತಪ್ಪಲ್ಲ, ನೀವು ಅದನ್ನು ಯಾವಾಗಲೂ ಟ್ರೇಲರಿನ ಮೇಲೆ ಮಾತ್ರ ನೋಡಿದ್ದೀರಿ. ಎಷ್ಟು ಕರೆದರೂ ಒಂದು ದಿನವೂ ದೋಣಿ ಹತ್ತಲಿಲ್ಲ, ಏಕೆ ಅಂತ ಈಗಲೂ ಗೊತ್ತಿಲ್ಲ.

ಸೀಳನ್ನು ಮತ್ತೆ ಬಿಡಿಸಿ. ಪಿನ್ನಿನ ತೂತು ಇದ್ದ ಜಾಗ ಕೂದಲೆಳೆಯಷ್ಟೂ ತಪ್ಪಬಾರದು. ನನಗೆ ಅದರ ಅಳತೆ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ. ದಿನವೂ ನಿಮ್ಮ ಮೋರಿ ದಾಟುತ್ತಾರೆ.

ಕಡ್ಡಿ


ಮಾರ್ಚ್ ೧೯

ಮಾವ,

ಮೂರು ಗುರುವಾರ ಜೀಪು ಬಂತು, ಹೋಯಿತು. ನಿಮ್ಮದೊಂದು ಸಾಲಿಲ್ಲ. ನೀವು ಸುಮ್ಮನಿರುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಅದಕ್ಕೇ ಹೆದರಿಕೆ.

ರಜೆ ಬೇಕೋ ಬೇಡವೋ ಎಂದು ಈ ತಿಂಗಳ ಕೊನೆಯೊಳಗೆ ಹೇಳಬೇಕು. ನಾನು ಬಿಟ್ಟರೆ ಆ ಹತ್ತು ದಿನ ಇನ್ನೊಬ್ಬರಿಗೆ ಹೋಗುತ್ತದೆ. ಅಮ್ಮ ಬರೆದಿದ್ದಾಳೆ: 'ನಿನ್ನಪ್ಪ ಹಳೆಯ ಟೋಪಿಯನ್ನು ತೆಗೆದು ಬಿಸಿಲಿಗೆ ಹಾಕಿದ್ದಾರೆ, ಏನೂ ಕೇಳಿಲ್ಲ.' ಆಗುವುದಿಲ್ಲ ಅಂತಿದ್ದರೆ ಆಗುವುದಿಲ್ಲ ಎಂದೇ ಬರೆಯಿರಿ. ಟೋಪಿಯನ್ನು ಒಳಗಿಡಲು ಅಮ್ಮನಿಗೆ ಹೇಳುತ್ತೇನೆ.

ಕಡ್ಡಿ


ಮಾರ್ಚ್ ೨೫

ಮಗಳೇ,

ರಜೆ ಬಿಡಬೇಡ. ಮೊದಲು ಅದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ ಓದು.

ನಿನ್ನ ಕಾಗದ ಬಂದ ದಿನವೇ ಶೆಡ್ಡಿನ ಷಟರ್ ಎಳೆದು, ರೇಡಿಯೋ ಜೋರಾಗಿ ಹಾಕಿ, ಗ್ರೈಂಡರ್ ಹಿಡಿದೆ. ನನ್ನ ಕೆಲಸ ಎಷ್ಟು ಗಟ್ಟಿ ಎಂದು ಅವತ್ತು ನನಗೇ ಗೊತ್ತಾಯಿತು. ಸೀಳು ಬಿಡಿಸಲು ನಾಲ್ಕು ದಿನ. ಯಾರಾದರೂ ಬಂದು ಕೇಳಿದರೆ, "ಗಾಳಿ ಆಡಲಿ ಅಂತ ತೆಗೀತಿದೀನಿ" ಅನ್ನುತ್ತಿದ್ದೆ.

ಆಮೇಲೆ ಮೋರಿಯಿಂದ ಕಬ್ಬಿಣ ಎತ್ತಿ ತಂದು, ತುಕ್ಕು ಕೆರೆದು, ಬಣ್ಣ ಕೊಟ್ಟು, ಪಿನ್ನಿನ ಜಾಗವನ್ನು ಅಂದಾಜಿನಲ್ಲಿ ಕೊರೆದೆ. ಅರ್ಧ ಇಳಿದು ನಿಂತಿತು. ತೂತು ಮುಚ್ಚಿ ಇನ್ನೊಂದು ಕಡೆ ಕೊರೆದೆ. ಈ ಸಲ ಪೂರ್ತಿ ಇಳಿಯಿತು, ಮೇಲೆ ಬರಲಿಲ್ಲ. ಲಾರಿಯಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಸುತ್ತಿಗೆ ಕೇಳಿಸಿಕೊಳ್ಳುತ್ತದೆ. ಇದು ಕೇಳಲಿಲ್ಲ. ಮೂರನೆಯ ಸಲ ಕೊರೆಯಲು ಕೈ ಎತ್ತಿದೆ, ಇಳಿಸಿದೆ. ಪೆಟ್ಟಿಗೆಯಲ್ಲಿ ತೂತುಗಳೇ ಹೆಚ್ಚಾದರೆ ನಾಳೆ ನೀರಿನ ಮೇಲೆ ಅದು ಬಿರಿಯುತ್ತದೆ, ಒಳಗೆ ಕೂತಿರುವುದು ನೀವು.

ಇಷ್ಟರಲ್ಲಿ ಇನ್ನೊಂದು ಪಜೀತಿ ಆಗಿತ್ತು. ಕಬ್ಬಿಣ ತೆಗೆದ ಮೇಲೆ ಮೋರಿಗೆ ದಾರಿ ಇಲ್ಲ. ನಿನ್ನಪ್ಪ ಬೆಳಿಗ್ಗೆ ಬಂದರು, ಮೋರಿಯ ಆಚೆ ದಡದಲ್ಲಿ ನಿಂತರು, ಕೆಳಗೆ ನೋಡಿದರು, ವಾಪಸು ಹೋದರು. ಮರುದಿನವೂ ಬಂದರು, ಹೋದರು. ಹಾಗೆ ಎಂಟು ದಿನ. ನಾನು ಷಟರಿನ ಸಂದಿಯಿಂದ ನೋಡುತ್ತಿದ್ದೆ. ಅಲ್ಲಿ ಒಂದು ಹಲಗೆ ಹಾಕಬಹುದಿತ್ತು. ಹಾಕಲು ಹೊರಗೆ ಬರಬೇಕಿತ್ತಲ್ಲ.

ಒಂಬತ್ತನೆಯ ದಿನ ಹೊರಗೆ ಬಂದೆ. ಅವರು ಆಚೆ, ನಾನು ಈಚೆ, ನಡುವೆ ಕೊಳಚೆ.

"ಭಾವ," ಅಂದೆ. "ನನಗೆ ಗೊತ್ತಾಗ್ತಿಲ್ಲ."

ಅವರು ಅಕ್ಕ ಎಲ್ಲಾದರೂ ಇದ್ದಾಳಾ ಎಂಬಂತೆ ಒಂದು ಸಲ ಹಿಂದೆ ನೋಡಿದರು. ಆಮೇಲೆ, "ಏನು?" ಅಂದರು.

"ಪಿನ್ನು ಎಲ್ಲಿ ಕೂರುತ್ತೆ ಅಂತ."

"ಮೊದಲು ನಾನು ದಾಟೋದು ಹೇಗೆ, ಅದನ್ನ ಹೇಳು."

ಹಲಗೆ ಹಾಕಿ ಕೈ ಕೊಟ್ಟೆ. ಬಲಗೈಯಲ್ಲಿ ಊರುಗೋಲು, ಹಾಗಾಗಿ ನನಗೆ ಸಿಕ್ಕಿದ್ದು ಎಡಗೈ. ಅದು ನನ್ನ ಕೈ ಹಿಡಿದುಕೊಳ್ಳಲಿಲ್ಲ, ಸುಮ್ಮನೆ ಅದರಲ್ಲಿ ಇತ್ತು.

ಒಳಗೆ ಬಂದವರೇ ಅಂಗಿಯ ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದರು. ಪೆಟ್ಟಿಗೆಯ ಚಿತ್ರ, ಪಿನ್ನಿನ ಜಾಗ, ಎಲ್ಲ ಅಳತೆ, ವಾಚಿನವರ ಇರುವೆ ಅಕ್ಷರದಲ್ಲಿ. ಆಮೇಲೆ ಅಕ್ಕ ಹೇಳಿದಳು, ಅದು ಒಂದೂವರೆ ತಿಂಗಳಿನಿಂದ ಜೇಬಿನಲ್ಲೇ ಇತ್ತಂತೆ. ಅಂಗಿ ಒಗೆಯುವಾಗ ಅವಳು ತೆಗೆದಿಡುವುದು, ಒಣಗಿದ ಮೇಲೆ ಅವರು ಮತ್ತೆ ಇಟ್ಟುಕೊಳ್ಳುವುದು. ನಾನು ಕಬ್ಬಿಣವನ್ನು ಮೋರಿಗೆ ಹಾಸಿದ ಮೊದಲ ದಿನವೇ ಅವರಿಗೆ ಗೊತ್ತಿತ್ತು. ಊರುಗೋಲು ಊರಿ ನಿಂತದ್ದು ದಣಿವಿಗಲ್ಲ. ನಾನು ಕೇಳಲಿ ಅಂತ ನಿಂತದ್ದು.

"ಹಳೇ ಪಿನ್ನಿನ ತುಂಡು ಇದೆಯಾ? ದಪ್ಪ ನೋಡಬೇಕು" ಅಂದರು.

"ಆ ಡಬ್ಬದಲ್ಲಿರಬೇಕು" ಅಂದುಬಿಟ್ಟೆ. ಅಂದ ಮೇಲೆ ನೆನಪಾಯಿತು ಆ ಡಬ್ಬದಲ್ಲಿ ಇನ್ನೇನಿದೆ ಅಂತ. ಅಷ್ಟರಲ್ಲಿ ಅವರ ಬಲಗೈ ಬೋಲ್ಟುಗಳ ನಡುವೆ ಇಳಿದು ಎಣ್ಣೆಬಟ್ಟೆಯ ಒಂದು ಸಣ್ಣ ಗಂಟನ್ನು ಎತ್ತಿತ್ತು. ಬಿಚ್ಚಿದರು. ಒಳಗಿದ್ದದ್ದು ದೋಣಿಯ ಪಿನ್ನಲ್ಲ. ಟ್ರೇಲರಿನ ಕೊಂಡಿ ಕಳಚದ ಹಾಗೆ ಹಾಕುವ ಪಿನ್ನು. ಅದರ ತಲೆಯ ಮೇಲೆ ಅವರೇ ಅರದಿಂದ ಹಾಕಿದ ಎರಡು ಗೆರೆ.

ಕಡ್ಡಿ, ನಾನು ಸಾವಿರ ಸಲ ಮಾತಾಡಿ ಗೆದ್ದವನು. ಅಲ್ಲಿ ಡಬ್ಬದ ಮುಚ್ಚಳ ಹುಡುಕತೊಡಗಿದೆ.

ಅವರು ಕಣ್ಣಿಗೆ ಹತ್ತಿರ ಹಿಡಿದು, ವಾಚಿನ ಸ್ಕ್ರೂ ನೋಡುವ ಹಾಗೆ ಸುತ್ತ ತಿರುಗಿಸಿ, ಉಗುರಿನಿಂದ ಗೀರಿ ನೋಡಿದರು.

"ಸವೆದಿಲ್ಲವಲ್ಲ" ಅಂದರು.

"ಇಲ್ಲ ಭಾವ. ಪಿನ್ನೂ ಸವೆದಿಲ್ಲ, ಕೊಂಡಿಯೂ ಸವೆದಿರಲಿಲ್ಲ. ಆವತ್ತು ಹಾಕೇ ಇರಲಿಲ್ಲ. ಜೇಬಲ್ಲಿತ್ತು."

ನಿನಗೂ ಹೇಳಬೇಕು. ಆವತ್ತು ಇಳಿಜಾರಿಗಿಂತ ಮುಂಚೆ ಟೀ ಅಂಗಡಿಯ ಮುಂದೆ ನಿಲ್ಲಿಸಿದ್ದೆ. ದೋಣಿಯ ಮುಖ ರಸ್ತೆಯ ಕಡೆ ಕಾಣಲಿ ಅಂತ ಟ್ರೇಲರು ಬಿಚ್ಚಿ ತಿರುಗಿಸಿ, ನಮ್ಮ ಭಾವನ ದೋಣಿ ಎಂದು ಕೊಚ್ಚಿಕೊಂಡೆ. ಮತ್ತೆ ಸಿಕ್ಕಿಸುವಾಗಲೂ ಬಾಯಿ ನಡೆಯುತ್ತಲೇ ಇತ್ತು, ಪಿನ್ನು ಜೇಬಿನಲ್ಲಿ ಉಳಿಯಿತು. ಗೋಡೆಗೆ ಗುದ್ದಿದ ಸದ್ದು ಕೇಳಿದಾಗ ಜೇಬಿಗೆ ಕೈ ಹೋಯಿತು, ಬಾಯಿ ಮಾತ್ರ 'ಕೊಂಡಿ ಸವೆದಿತ್ತು' ಅಂದುಬಿಟ್ಟಿತು. ಆಮೇಲೆ ಪಿನ್ನನ್ನು ಬಿಸಾಡಲೂ ಆಗಲಿಲ್ಲ, ಕೊಡಲೂ ಆಗಲಿಲ್ಲ. ವರ್ಷಕ್ಕೊಂದು ಸಲ ಎಣ್ಣೆ ಹಾಕುತ್ತಿದ್ದೆ.

ನಿನ್ನಪ್ಪ ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಒಂದೇ ಕೈಯಲ್ಲಿ ಸುತ್ತಲು ತುಂಬ ಹೊತ್ತು ಬೇಕಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ. "ಎಣ್ಣೆ ಮಾತ್ರ ಚೆನ್ನಾಗಿ ಹಾಕಿದೀಯ" ಅಂದು ಜೇಬಿಗಿಟ್ಟುಕೊಂಡರು. ಆಮೇಲೆ, "ದೀಪ ಇತ್ತ ಹಿಡಿ" ಅಂದರು.

ದೀಪ ಹಿಡಿದೆ. ಅವರು ಗುರುತು ಹಾಕಿದರು, ನಾನು ಕೊರೆದೆ. ಕಬ್ಬಿಣ ಇಳಿಯಿತು. ಹಗ್ಗ ಎಳೆದೆ, ಏರಿತು. ಬೆಣ್ಣೆಯಲ್ಲಿ ಕೂದಲು.

ಹೊಸ ಕೊಂಡಿ ಬೇಕಿಲ್ಲ. ಹಳೆಯದೇ ಇರಲಿ.

ಇನ್ನೊಂದು. ನನಗೆ ಈಜು ಬರುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಕಂಡರೆ ಕೈಕಾಲು ತಣ್ಣಗಾಗುತ್ತದೆ, ಅದಕ್ಕೇ ಯಾವತ್ತೂ ಹತ್ತಲಿಲ್ಲ. ಎದೆಯ ಅಳತೆ ನಲವತ್ತನಾಲ್ಕು.

ನಿನ್ನ ಮಾವ,
ಏಳನೇ ಕ್ಲಾಸು. ಪಾಸೋ ಫೇಲೋ ನಿನ್ನಮ್ಮನನ್ನು ಕೇಳು


ಏಪ್ರಿಲ್ ೩

ಮಾವ,

ರಜೆ ಮಂಜೂರಾಯಿತು. ಹತ್ತೊಂಬತ್ತರ ಸಂಜೆಗೆ ಬರುತ್ತೇನೆ.

ನಿಮ್ಮ ಕಾಗದವನ್ನು ಎರಡು ದಿನ ಮಡಿಸಿಟ್ಟಿದ್ದೆ. ಕೋಪ ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ.

ಚುಕ್ಕಾಣಿ ಮುರಿದ ಆವತ್ತು ರಾತ್ರಿ ಊಟಕ್ಕೆ ಕೂತಾಗ ನಾನು ಅಪ್ಪನಿಗೆ, "ಗಡಿಯಾರಕ್ಕೆ ಹಾಕೋ ಎಣ್ಣೇಲಿ ಎರಡು ಹನಿ ಕೊಂಡಿಗೆ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮಾವನ್ನ ಯಾಕೆ ಅಂತೀರ?" ಅಂದಿದ್ದೆ. ಹದಿನಾರು ವರ್ಷ ನನಗೆ. ಅವರು ತಟ್ಟೆಯಲ್ಲಿ ಕೈ ತೊಳೆದು ಎದ್ದರು. ನೀವು ನಾಲ್ಕು ಜನರ ಎದುರು ಹೇಳಿದ್ದನ್ನು ಅವರು ತಡೆದುಕೊಂಡಿರುತ್ತಿದ್ದರೋ ಏನೋ. ನಾನು ಹೇಳಿದ್ದನ್ನು ಮರೆಯಲಿಲ್ಲ ಅನ್ನಿಸುತ್ತದೆ. ಅದಾದ ಮೇಲೆ ನನ್ನನ್ನೂ ದೋಣಿಗೆ ಕರೆಯಲಿಲ್ಲ. ನಾನು ಅದನ್ನು ನಿಮ್ಮ ಮೇಲಿನ ಕೋಪ ಅಂದುಕೊಂಡಿದ್ದೆ.

ಒಂದು ನಾನೂ ಮುಚ್ಚಿಟ್ಟಿದ್ದೇನೆ. ಅಪ್ಪ ಜೇಬಿನಲ್ಲಿ ಅಳತೆ ಇಟ್ಟುಕೊಂಡು ಓಡಾಡುತ್ತಿದ್ದಾರೆ ಎಂದು ಅಮ್ಮ ಫೆಬ್ರವರಿಯಲ್ಲೇ ಬರೆದಿದ್ದಳು. ಅಮ್ಮನಿಗೆ ಹೇಳಿ ಅದನ್ನು ನಿಮಗೆ ಕೊಡಿಸಬಹುದಿತ್ತು. ಕೊಡಿಸಲಿಲ್ಲ. ರಜೆ ಹೋದರೆ ಹೋಗಲಿ ಅನ್ನುವ ಮಟ್ಟಕ್ಕೆ ಹಟ ಹಿಡಿದಿದ್ದೆ. ನಿಮ್ಮ ಸೋದರಸೊಸೆ ತಾನೆ.

ಜಾಕೀಟು ನಲವತ್ತಾರರದ್ದು ತರುತ್ತೇನೆ. ನೀವು ನಲವತ್ತನಾಲ್ಕು ಎಂದು ಬರೆದಿದ್ದೀರಿ, ಅದಕ್ಕೆ.

ಕಡ್ಡಿ


ಮೇ ೬

ಕಡ್ಡಿ,

ನೀನು ಜೀಪು ಹತ್ತಿ ಇವತ್ತಿಗೆ ಆರು ದಿನ. ದೋಣಿಯನ್ನು ತೊಳೆದು, ಹಾಯಿ ಒಣಗಿಸಿ, ಡಬ್ಬದಲ್ಲಿ ಇಲಿಪಾಷಾಣ ಇಟ್ಟು ಮುಚ್ಚಿದ್ದೇನೆ. ಈ ಸಲ ಇಲಿಗಳು ಓದಿಯೇ ಸಾಯಲಿ.

ಐದು ದಿನ ನೀನೂ ಇದ್ದೆ, ಎಲ್ಲ ನೋಡಿದೆ. ಆದರೆ ನಿನ್ನ ಕೈಯಲ್ಲಿ ಹಾಯಿಯ ಹಗ್ಗ, ಕಣ್ಣು ಗಾಳಿಯ ಮೇಲೆ. ನನ್ನ ಕಣ್ಣು ಎಲ್ಲೆಲ್ಲೂ ಇತ್ತು, ನೀರನ್ನೊಂದು ಬಿಟ್ಟು. ಆದ್ದರಿಂದ ನೀನು ನೋಡದ್ದನ್ನು ಬರೆಯುತ್ತೇನೆ.

ಹೊರಡುವಾಗ ಟ್ರೇಲರು ಸಿಕ್ಕಿಸಿದ ಮೇಲೆ ನಿನ್ನಪ್ಪ ಜೇಬಿನಿಂದ ಪಿನ್ನು ತೆಗೆದು ನನ್ನ ಕೈಗೇ ಕೊಟ್ಟರು. ನಾನು ಹಾಕಿದೆ. ಅವರು ಬಗ್ಗಿ ನೋಡದೆ ಹೋಗಿ ವ್ಯಾನಿನಲ್ಲಿ ಕೂತರು. ನೀನು ಬಗ್ಗಿ ನೋಡಿದೆ, ಅದೂ ಎರಡು ಸಲ. ನಾನು ಗಮನಿಸಿದ್ದೇನೆ. ಇರಲಿ, ನೋಡು. ಇನ್ನೂ ಒಂದೆರಡು ವರ್ಷ ನೋಡು.

ದೋಣಿಯಲ್ಲಿ ಅವರು ಚುಕ್ಕಾಣಿ ಹಿಡಿದು ಕೂತರಲ್ಲ, ಒಂದೇ ಕೈಯಲ್ಲಿ. ನನಗೆ ಕೊಟ್ಟ ಕೆಲಸ ಕಬ್ಬಿಣದ ಹಗ್ಗ. ಐದು ದಿನದಲ್ಲಿ ನನಗೆ ಹೇಳಿದ್ದು ಎರಡೇ ಮಾತು, "ಇಳಿಸು" ಮತ್ತು "ಏರಿಸು." ನಾನು ಲೆಕ್ಕ ಇಟ್ಟಿದ್ದೇನೆ, ಒಟ್ಟು ಅರವತ್ತಮೂರು ಸಲ. ಒಂಬತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಏಳು, ಶೇಷ ಇಲ್ಲ. ನಾಲ್ಕನೆಯ ದಿನ, ಮುಳುಗಿದ ಮರಗಳ ಮೋಟು ಕಾಣುವ ಆ ತೆಳುನೀರಿನಲ್ಲಿ, ಅವರು ಹೇಳುವುದಕ್ಕೆ ಮುಂಚೆಯೇ ನಾನು ಏರಿಸಿದೆ. ಅವರು, "ಹೂಂ" ಅಂದರು. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಬೇರೆ ಇಟ್ಟಿದ್ದೇನೆ.

ಕೊನೆಯ ಸಂಜೆ ನಾನು ಲಂಗರು ಹಗ್ಗ ಸುತ್ತುತ್ತ ಬೆನ್ನು ಹಾಕಿ ಕೂತಿದ್ದಾಗ ನೀನು ಅವರ ಪಕ್ಕ ಕೂತು ಏನೋ ಹೇಳಿದೆ. ನನಗೆ ಕೇಳಿಸಲಿಲ್ಲ. ಅವರು ಚುಕ್ಕಾಣಿಯನ್ನು ನಿನಗೆ ಬಿಟ್ಟು ಸರಿದು ಕೂತದ್ದು ಮಾತ್ರ ದೋಣಿ ವಾಲಿದ್ದರಲ್ಲಿ ಗೊತ್ತಾಯಿತು. ಏನು ಹೇಳಿದೆ ಅಂತ ಕೇಳುವುದಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಜಾಕೀಟು ಎದೆಗೆ ಸರಿಯಾಗಿತ್ತು, ಹೊಟ್ಟೆಗೆ ಬಿಗಿ.

ಮೋರಿಗೆ ಈಗ ಹೊಸ ಸೇತುವೆ ಕಟ್ಟಿದ್ದೇನೆ. ಲಾರಿಗೆ ಹಾಕುವ ಗಟ್ಟಿ ಹಲಗೆ, ಎರಡು ಕಡೆ ಕಟಕಟೆ, ಎಡಗಡೆಯದು ತುಸು ಅಗಲ, ಕೈ ಹಿಡಿಯದಿದ್ದರೂ ಒರಗಿಕೊಂಡು ಬರಲಿ ಅಂತ. ಇಂಥ ಸೇತುವೆ ಈ ಬೀದಿಯಲ್ಲಲ್ಲ, ನಾಲ್ಕು ಬೀದಿಯಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ನಿನ್ನಪ್ಪ ಬಂದರು. ನಡುವೆ ನಿಂತು, ಊರುಗೋಲಿನಿಂದ ಎರಡು ಸಲ ಕುಟ್ಟಿ, "ಅಲುಗಾಡುತ್ತೆ" ಅಂದರು.

ನಾನು, "ಅದು ಅಲುಗಲ್ಲ ಭಾವ, ನಿಮ್ಮ ಕಾಲು ಅಲುಗೋದು" ಅಂದೆ.

ಅವರು, "ಮೂಲೇಲಿ ಒಂದು ಬೋಲ್ಟು ಬಿಟ್ಟಿದೀಯ ನೋಡು" ಎಂದು ಒಳಗೆ ಬಂದು, ನನ್ನ ಸ್ಟೂಲಿನ ಮೇಲೆ ಕೂತು, ಪೇಪರು ಕೇಳಿದರು.

ಬೋಲ್ಟು ಬಿಟ್ಟಿಲ್ಲ. ನೀನು ಬಂದಾಗ ನೀನೇ ಎಣಿಸಿ ನೋಡು. ಈಗ ಅವರು ಎದುರಿಗೇ ಕೂತಿದ್ದಾರೆ, ಅದಕ್ಕೆ ಎದ್ದು ಹೋಗಿ ನೋಡಲು ಆಗುತ್ತಿಲ್ಲ.

ನಿನ್ನ ಮಾವ,
ಏಳನೇ ಕ್ಲಾಸು ಫೇಲು, ಕಬ್ಬಿಣದ ಹಗ್ಗದಲ್ಲಿ ಮೊದಲಿಗ